ಸ್ವಲ್ಪ ಅಂಗಿ ತೆಗೀತೀರಾ?

(ಪ್ರವಾಸೋದ್ಯಮ ಓದುವ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಪರದೆ ಮೇಲೆ ಚಿತ್ರ ತೋರಿಸಿ ಸುಮ್ಮನಾದ ಕಡೆ ಒಂದೆರಡು ಸಾಲು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಹೊತ್ತು, ಕಣ್ಣು ಎಳೆಯುತ್ತದೆ ಅಂತ ಗೊತ್ತು. ಅದಕ್ಕೇ ಮೊದಲು ನಿಮಗೇ ಒಂದು ಕೆಲಸ. ಯಾರ ಹತ್ತಿರವಾದರೂ 50 ರೂಪಾಯಿ ನೋಟು ಇದೆಯಾ? ನೀಲಿದು, ಹೊಸದು.

(ಇಡೀ ಹಾಲ್‌ನಲ್ಲಿ ಸಿಕ್ಕಿದ್ದು ಎರಡು ನೋಟು. ಉಳಿದವರೆಲ್ಲ ಫೋನ್ ಎತ್ತಿ ತೋರಿಸಿದರು.)

ಹಿಂಬದಿ ತಿರುಗಿಸಿ. ಹಂಪಿಯ ಕಲ್ಲಿನ ರಥ. 2017ರಿಂದ ನಮ್ಮ ಜೇಬಿನಲ್ಲೇ ಓಡಾಡುತ್ತಿದೆ. ಈಗ ಆ ಚಿತ್ರದಲ್ಲಿ ಒಬ್ಬ ಮನುಷ್ಯನನ್ನು ಹುಡುಕಿ ಕೊಡಿ. ಸಿಗಲ್ಲ, ಅಲ್ವಾ? ನೋಟಿನಲ್ಲಿ ಜನ ಇಲ್ಲ ಅನ್ನೋದು ನನ್ನ ತಕರಾರಲ್ಲ. ನೋಟಿನ ಕತೆ ಬೇರೆ. ಆದರೆ ಹಂಪಿಯ ಬ್ರೋಷರ್, ಪೋಸ್ಟರ್ ಯಾವುದನ್ನೇ ತೆಗೆಯಿರಿ, ಹೆಚ್ಚು ಕಡಿಮೆ ಇದೇ ಚಿತ್ರ. ಎಳೆ ಬಿಸಿಲು, ಕಲ್ಲು, ಸುತ್ತ ಒಂದು ನರಪಿಳ್ಳೆಯೂ ಇಲ್ಲ. ಜನ ಬೇಕೇ ಬೇಕು ಅಂದಾಗ ಒಬ್ಬರನ್ನು ತಂದು ನಿಲ್ಲಿಸುತ್ತಾರೆ. ಹೇಗೆ ನಿಲ್ಲಿಸುತ್ತಾರೆ ಅನ್ನೋದು ನನಗೆ ಚೆನ್ನಾಗಿ ಗೊತ್ತು. ನಿಲ್ಲಿಸಿದವರಲ್ಲಿ ನಾನೂ ಒಬ್ಬ.

ನಾನು ಹದಿನಾಲ್ಕು ವರ್ಷ ಬೆಂಗಳೂರಿನಲ್ಲಿ ಜಾಹೀರಾತಿಗೆ ಕಾಪಿ, ಅಂದರೆ ಅದರೊಳಗಿನ ಸಾಲುಗಳನ್ನು, ಬರೆದವನು. ಸೋಪು, ಸೈಟು, ಕೊಬ್ಬರಿ ಎಣ್ಣೆ, ಏನು ಬಂದರೆ ಅದು. ಒಂದು ಸಲ ಹಂಪಿ ಹತ್ತಿರದ ಖಾಸಗಿ ರೆಸಾರ್ಟ್ ಒಂದರ ಬ್ರೋಷರ್ ಕೆಲಸ ಸಿಕ್ಕಿತು. ವಿದೇಶಿ ಟ್ರಾವೆಲ್ ಏಜೆಂಟರಿಗೆ ಹಂಚೋಕೆ. ಕವರ್ ಫೋಟೋ ಮೊದಲೇ ತೀರ್ಮಾನ ಆಗಿತ್ತು. ತುಂಗಭದ್ರೆ, ಹರಿಗೋಲು, ಹರಿಗೋಲಿನವನು, ಹಿಂದೆ ಬಂಡೆ.

ಆನೆಗೊಂದಿ ಕಡೆಯ ದಡಕ್ಕೆ ಹೋದೆವು. ಅಲ್ಲಿ ಒಬ್ಬರು ಸಿಕ್ಕರು. ಐವತ್ತರ ಮೇಲೆ ವಯಸ್ಸು. ಚೌಕುಳಿ ಅಂಗಿ, ಮಂಡಿವರೆಗೆ ಮಡಚಿದ ಪ್ಯಾಂಟು. ಜೇಬಿನಲ್ಲಿ ನೀರು ತಾಗದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಚಿಕ್ಕ ಫೋನು. ಹರಿಗೋಲಿನ ತಳಕ್ಕೆ ಗೊಬ್ಬರದ ಚೀಲ ಹೊಲಿದು ಟಾರು ಬಳಿದಿದ್ದರು. ನಮ್ಮ ಆರ್ಟ್ ಡೈರೆಕ್ಟರ್ ಅವರನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದಲೇ ಕೇಳಿದ. "ಸ್ವಲ್ಪ ಅಂಗಿ ತೆಗೀತೀರಾ? ತಲೆಗೊಂದು ಟವೆಲ್ ಸುತ್ಕೊಳ್ಳಿ."

ಅವರು ಒಂದು ಕ್ಷಣ ನಮ್ಮ ಮುಖ ನೋಡಿದರು. "ಯಾಕ್ರೀ ಸರ? ಅಂಗಿ ಹಾಕ್ಕೊಂಡ್ರ ಹರಗೋಲ ಮುಳಗತೈತೇನ್ರಿ?"

ಎಲ್ಲರೂ ನಕ್ಕೆವು. ಅವರೂ ನಕ್ಕರು. ನಕ್ಕು ಅಂಗಿ ತೆಗೆದರು. ಪ್ಯಾಂಟಿನ ಮೇಲೆ ಒಂದು ಬಿಳಿ ಪಂಚೆ ಸುತ್ತಿಸಿದೆವು. ಗೊಬ್ಬರದ ಚೀಲದ ಅಕ್ಷರ ಕ್ಯಾಮೆರಾಗೆ ಕಾಣಬಾರದು ಅಂತ ಹರಿಗೋಲನ್ನು ಆ ಕಡೆ ತಿರುಗಿಸಿದೆವು. ಶೂಟ್ ನಡುವೆ ಅವರು ಎರಡು ಸಲ ದಡಕ್ಕೆ ಬಂದು, ಅಂಗಿ ಜೇಬಿನಿಂದ ಫೋನ್ ತೆಗೆದು ಟೈಮ್ ನೋಡಿದರು. ನಾಲ್ಕೂವರೆಗೆ ಆಚೆ ದಡದಿಂದ ಶಾಲೆ ಮಕ್ಕಳನ್ನು ಕರೆತರಬೇಕಿತ್ತು.

ಆ ಫೋಟೋಗೆ ನಾನು ಬರೆದ ಇಂಗ್ಲಿಷ್ ಸಾಲಿನ ಅರ್ಥ ಏನು ಗೊತ್ತಾ? 'ಇಲ್ಲಿ ಕಾಲ ನಿಂತಿದೆ.'

ಆ ಸಾಲಿಗೆ ಕ್ಲೈಂಟ್ ಎದ್ದು ನಿಂತು ಕೈಕುಲುಕಿದ್ದರು. ನನಗೂ ಆಗ ಹೆಮ್ಮೆ. ನಾಚಿಕೆ ಬಂದಿದ್ದು ಬಹಳ ವರ್ಷ ಆದ ಮೇಲೆ.

ಇವತ್ತು ನಾನು ಹೇಳೋಕೆ ಬಂದಿರೋದು ಇಷ್ಟೇ. ಪ್ರವಾಸಿ ಜಾಹೀರಾತು ಸುಳ್ಳು ಹೇಳುತ್ತದೆ ಅಂತ ಎಲ್ಲರೂ ಬೈಯುತ್ತಾರೆ. ಬೀಚ್ ಅಷ್ಟು ಕ್ಲೀನ್ ಇರಲ್ಲ, ಫಾಲ್ಸ್‌ನಲ್ಲಿ ಅಷ್ಟು ನೀರಿರಲ್ಲ. ಅದು ನನಗೆ ದೊಡ್ಡ ವಿಷಯ ಅಲ್ಲ. ಹೆಣ್ಣು ತೋರಿಸೋ ಫೋಟೋದಲ್ಲೂ ಸ್ವಲ್ಪ ಪೌಡರ್ ಜಾಸ್ತಿ ಇರುತ್ತದೆ. ನಾನು ನೋಡೋದು ಬೇರೆ. ಆ ಫೋಟೋದಲ್ಲಿ ನಮ್ಮ ಜನಕ್ಕೆ ಏನು ಕೆಲಸ ಕೊಟ್ಟಿದ್ದಾರೆ ಅಂತ. ಹೆಚ್ಚಿನ ಸಲ ಒಂದೇ ಕೆಲಸ. ಕಾಯೋದು. ಬಂದವರನ್ನು ನೋಡಿ ನಗೋದು.

ಈಗ ಈ ಚಿತ್ರ ನೋಡಿ. ಗೊತ್ತಲ್ವಾ ಇವರು? ಏರ್ ಇಂಡಿಯಾ ಮಹಾರಾಜ. ಕೆಂಪು ಪೇಟ, ದಪ್ಪ ಮೀಸೆ, ಎದೆ ಮೇಲೆ ಕೈ, ನಡು ಬಗ್ಗಿಸಿ ಸ್ವಾಗತ. 1946ರಲ್ಲಿ ಏರ್ ಇಂಡಿಯಾದ ಬಾಬಿ ಕೂಕಾ ಮತ್ತು ಜೆ. ವಾಲ್ಟರ್ ಥಾಂಪ್ಸನ್ ಏಜೆನ್ಸಿಯ ಕಲಾವಿದ ಉಮೇಶ್ ರಾವ್ ಸೇರಿ ಮಾಡಿದ್ದು. ಅಂದರೆ ಸ್ವಾತಂತ್ರ್ಯಕ್ಕಿಂತ ಒಂದು ವರ್ಷ ಮೊದಲು. ದೇಶದ ತುಂಬ ನಿಜವಾದ ರಾಜರು ಇನ್ನೂ ಇದ್ದರು. ಈ ಮನುಷ್ಯ ನೋಡೋಕೆ ರಾಜನ ಹಾಗಿದ್ದಾನೆ, ಆದರೆ ರಾಜ ಅಲ್ಲ ಅಂತ ಕೂಕಾ ಅವರೇ ಹೇಳಿದ್ದರು. 1971ರಲ್ಲಿ ಸರ್ಕಾರ ಹಳೇ ರಾಜರಿಗೆ ಕೊಡುತ್ತಿದ್ದ ರಾಜಧನ ರದ್ದಾಯಿತು, ನಿಜವಾದವರ ಪದವಿ ಹೋಯಿತು. ಇವನು ಮಾತ್ರ ಬಗ್ಗಿಕೊಂಡೇ ಇದ್ದ.

ರಾಜನೇ ಬಗ್ಗಿ ಸ್ವಾಗತ ಮಾಡುತ್ತಾನೆ, ನೀನು ಬಾ ಅಂತ ವಿದೇಶಿಯನಿಗೆ ಹೇಳೋದು. ಇದರಲ್ಲಿ ಗುಲಾಮಗಿರಿ ಇದೆ ಅಂತ ಕೆಲವರು ಸಿಟ್ಟಾಗುತ್ತಾರೆ. ನನಗೆ ಹಾಗನ್ನಿಸಲ್ಲ. ನಿಜ ಹೇಳಬೇಕು ಅಂದರೆ ಇವನು ನನಗೆ ಇಷ್ಟ. ಹಳೇ ಪೋಸ್ಟರ್‌ಗಳನ್ನು ನೋಡಿ. ಇವನು ಊರೂರು ಸುತ್ತುತ್ತಾನೆ. ಪ್ಯಾರಿಸ್‌ಗೆ ಹೋದರೆ ಹುಡುಗಿಯರ ಹಿಂದೆ ಕಣ್ಣು. ಜಪಾನಿಗೆ ಹೋದರೆ ಸುಮೋ ಪೈಲ್ವಾನ್ ವೇಷ. ತುಂಟ, ಸ್ವಲ್ಪ ಪೋಲಿ. ನಮ್ಮ ಜಾಹೀರಾತಿನ ಭಾರತೀಯರಲ್ಲಿ ತಾನೇ ಟಿಕೆಟ್ ತಗೊಂಡು ಬೇರೆಯವರ ಊರು ನೋಡೋಕೆ ಹೋದವನು ಇವನೊಬ್ಬನೇ ಅಂತ ಕಾಣುತ್ತದೆ. ಉಳಿದವರೆಲ್ಲ ನಿಂತಲ್ಲೇ ನಿಂತವರು.

ಕಷ್ಟ ಶುರುವಾಗೋದು ಆ ಚಿತ್ರ ಕಾಗದ ಬಿಟ್ಟು ಕೆಳಗಿಳಿದಾಗ. ದೊಡ್ಡ ಹೋಟೆಲಿನ ಬಾಗಿಲಲ್ಲಿ ಮೈಸೂರು ಪೇಟ ಇಟ್ಟುಕೊಂಡು, ಜರಿ ಅಂಚಿನ ಕೋಟು ತೊಟ್ಟು ಒಬ್ಬರು ನಿಂತಿರುತ್ತಾರಲ್ಲ, ಅವರು ನಿಜವಾದ ಮನುಷ್ಯ. ಎಂಟು ಗಂಟೆ ನಿಂತಿರಬೇಕು. ಏಪ್ರಿಲ್ ಬಿಸಿಲಲ್ಲೂ ಅದೇ ಕೋಟು. ಆ ಪೇಟದ ಕೆಳಗೆ ಎಷ್ಟು ಬೆವರುತ್ತದೆ ಅಂತ ಒಂದು ಸಲ ಕೇಳಿ ನೋಡಿ. ನಿಮ್ಮಲ್ಲಿ ಕೆಲವರು ಮುಂದೆ ಅಂಥ ಹೋಟೆಲ್ ನಡೆಸುವವರು. ಬೇಸಿಗೆಗೆ ಒಂದು ಹತ್ತಿ ಕೋಟಾದರೂ ಹೊಲಿಸಿಕೊಡಿ.

ಈಗ ದೊಡ್ಡದಕ್ಕೆ ಬರೋಣ. 'ಇನ್‌ಕ್ರೆಡಿಬಲ್ ಇಂಡಿಯಾ'.

ಇದು ಬಂದ ಕಾಲ ನೆನಪಿಟ್ಟುಕೊಳ್ಳಿ. 2001ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಅವಳಿ ಕಟ್ಟಡ ಬಿತ್ತು. ಡಿಸೆಂಬರ್‌ನಲ್ಲಿ ನಮ್ಮ ಸಂಸತ್ತಿನ ಮೇಲೆ ದಾಳಿ. ಗಡಿಯಲ್ಲಿ ಸೇನೆ. 2000ದಲ್ಲಿ ಸುಮಾರು 26.5 ಲಕ್ಷ ವಿದೇಶಿಯರು ಬಂದಿದ್ದ ದೇಶಕ್ಕೆ 2002ರಲ್ಲಿ ಬಂದವರು ಸುಮಾರು 23.8 ಲಕ್ಷ. ಹೋಟೆಲುಗಳು ಖಾಲಿ. ಅದೇ 2002ರಲ್ಲಿ ಈ ಪ್ರಚಾರ ಶುರುವಾಯಿತು. ಪ್ರವಾಸೋದ್ಯಮ ಸಚಿವಾಲಯದಲ್ಲಿ ಅಮಿತಾಭ್ ಕಾಂತ್ ಇದ್ದರು. ಕೇರಳದ 'ದೇವರ ಸ್ವಂತ ನಾಡು' ಪ್ರಚಾರವನ್ನು ಬೆಳೆಸಿದವರಲ್ಲಿ ಅವರೂ ಒಬ್ಬರು. ದೆಹಲಿಯ ಒಗಿಲ್ವಿ ಏಜೆನ್ಸಿಯಲ್ಲಿ ವಿ. ಸುನಿಲ್ ಇದ್ದರು. ಇಂಡಿಯಾ ಅನ್ನೋ ಪದದ ಮೊದಲ ಅಕ್ಷರ 'ಐ' ತೆಗೆದು ಅಲ್ಲಿ ಆಶ್ಚರ್ಯಸೂಚಕ ಚಿಹ್ನೆ ನಿಲ್ಲಿಸಿದರು. ಅಷ್ಟೇ. ಒಂದು ಗೀಟು, ಒಂದು ಚುಕ್ಕೆ. ಈ ಕಸುಬು ಮಾಡಿದವನಾಗಿ ಹೇಳುತ್ತೇನೆ, ಅದನ್ನು ನೋಡಿದ ದಿನ ನನಗೆ ಹೊಟ್ಟೆಕಿಚ್ಚಾಗಿತ್ತು. 2019ಕ್ಕೆ ಬಂದವರ ಸಂಖ್ಯೆ 1.09 ಕೋಟಿ. ಎಲ್ಲಾ ಈ ಜಾಹೀರಾತಿನಿಂದಲೇ ಅಂತಲ್ಲ. ವಿಮಾನ ಹೆಚ್ಚಾದವು, ಇ-ವೀಸಾ ಬಂತು, ಹೊರದೇಶದ ಪಾಸ್‌ಪೋರ್ಟ್ ತಗೊಂಡ ನಮ್ಮವರೇ ಅಜ್ಜಿ ನೋಡೋಕೆ ಬಂದರೂ ಅದು ಲೆಕ್ಕಕ್ಕೆ ಸೇರುತ್ತದೆ. ಆದರೂ ಕೆಲಸ ಮಾಡಿತು.

ಆ ಪದದ ಕಡೆ ಮಾತ್ರ ಸ್ವಲ್ಪ ನೋಡಿ. ಇನ್‌ಕ್ರೆಡಿಬಲ್ ಅಂದರೆ ನಂಬಲಾಗದ್ದು. ನಮ್ಮ ಊರಲ್ಲಿ ಯಾರನ್ನಾದರೂ 'ಅವನು ನಂಬೋಕಾಗದ ಮನುಷ್ಯ' ಅಂದರೆ ಅವನಿಗೆ ಸಾಲ ಕೊಡಬೇಡಿ ಅಂತ ಅರ್ಥ! ತಮಾಷೆ ಇರಲಿ. ಅಬ್ಬಾ ಅನ್ನೋದು ಯಾರು? ಹೊರಗಿಂದ ಬಂದವರು. ಎಮ್ಮೆ ರಸ್ತೆ ದಾಟಿದರೆ ನೀವು ಅಬ್ಬಾ ಅಂತೀರಾ? ಹಾರ್ನ್ ಹೊಡೀತೀರಿ. ಮನೆ ಮುಂದೆ ಅಮ್ಮ ರಂಗೋಲಿ ಹಾಕಿದರೆ ದಿನಾ ಬಾಯಿ ಬಿಟ್ಟುಕೊಂಡು ನಿಲ್ಲುತ್ತೀರಾ? ಆ ಚಿಹ್ನೆ ನೋಡುವವರ ಬಾಯಿಂದ ಹೊರಟದ್ದು, ಅಲ್ಲಿ ಇರುವವರ ಬಾಯಿಂದಲ್ಲ. ನಮ್ಮ ದೇಶದ ಹೆಸರಿನೊಳಗೇ ನೋಡುವವರ ಉದ್ಗಾರ ಸೇರಿಕೊಂಡಿತು.

ಆಮೇಲಿನ ವರ್ಷಗಳಲ್ಲಿ ಇದೇ ಸರಣಿಯಲ್ಲಿ ಜಾಣ ಜಾಹೀರಾತುಗಳು ಬಂದವು. ಒಂದರಲ್ಲಿ ಹುಲಿಯ ಚಿತ್ರ. ಎಲ್ಲಾ ಭಾರತೀಯರೂ ವಿನಯವಂತರು, ಅತಿಥಿ ಸತ್ಕಾರ ಮಾಡುವವರು, ಸಸ್ಯಾಹಾರಿಗಳು ಅಲ್ಲ ಅಂತ ಅದರ ಸಾಲು. ನಗು ಬರುತ್ತದೆ. ಬರೆದವರ ಕೈ ಚೆನ್ನಾಗಿದೆ. ಆದರೆ ನಗು ಹುಟ್ಟಬೇಕು ಅಂದರೆ ಓದುವವರ ತಲೆಯಲ್ಲಿ ಮೊದಲೇ ಒಬ್ಬ ಭಾರತೀಯ ಇರಬೇಕು. ವಿನಯ, ಸತ್ಕಾರ, ಸೊಪ್ಪು ತರಕಾರಿ. ಸರ್ಕಾರದ ಸಮೀಕ್ಷೆಗಳನ್ನೇ ನೋಡಿ, ನಮ್ಮಲ್ಲಿ ಮೀನು ಮಾಂಸ ತಿನ್ನುವವರೇ ಜಾಸ್ತಿ. ಆ ಜಾಹೀರಾತಿನಲ್ಲಿ ಮಾಂಸ ತಿನ್ನೋ ಧೈರ್ಯ ಮಾಡಿದ ಭಾರತೀಯ ಯಾರು? ಹುಲಿ.

2018ರ ಹೊತ್ತಿಗೆ ಬಂದ ಕಿರುಚಿತ್ರಗಳ ಹೆಸರು ಕೇಳಿ. 'ಮಹಾರಾಣಿ ಆಫ್ ಮ್ಯಾನ್‌ಹಟನ್' ಒಂದು. 'ರೀಇನ್‌ಕಾರ್ನೇಷನ್ ಆಫ್ ಮಿಸ್ಟರ್ ಅಂಡ್ ಮಿಸೆಸ್ ಜೋನ್ಸ್' ಇನ್ನೊಂದು. ಅರಮನೆ ನಮ್ಮದು, ಮಹಾರಾಣಿ ಮ್ಯಾನ್‌ಹಟನ್ನಿನವಳು. ಆಯುರ್ವೇದದ ಎಣ್ಣೆ ಹಚ್ಚೋ ಕೈ ನಮ್ಮದು, ಪುನರ್ಜನ್ಮ ಜೋನ್ಸ್ ದಂಪತಿಗೆ. ಹೆಸರು ಇರೋದು ಬಂದವರಿಗೆ. ಎಣ್ಣೆ ಹಚ್ಚಿದವರಿಗೆ ಹೆಸರಿಲ್ಲ.

(ಒಬ್ಬ ವಿದ್ಯಾರ್ಥಿನಿ ಇಲ್ಲಿ ಕೇಳಿದರು: "ಸರ್, ಅತಿಥಿ ದೇವೋ ಭವ ಅನ್ನೋದು ನಮ್ಮದೇ ಸಂಸ್ಕೃತಿ ಅಲ್ವಾ? ಅದನ್ನು ತೋರಿಸಿದರೆ ತಪ್ಪೇನು?")

ತಪ್ಪೇನಿಲ್ಲಮ್ಮ. ಒಳ್ಳೇ ಪ್ರಶ್ನೆ. ಆ ಮಾತು ತೈತ್ತಿರೀಯ ಉಪನಿಷತ್ತಿನದು. ತಾಯಿ, ತಂದೆ, ಗುರು ಆದ ಮೇಲೆ ಅತಿಥಿ ಬರುತ್ತಾನೆ. ನಮ್ಮ ಹಿರಿಯರು ಅತಿಥಿ ಪದವನ್ನು ಬಿಡಿಸುತ್ತಿದ್ದದ್ದು ಹೀಗೆ. ತಿಥಿ ನೋಡದೆ ಬಂದವನು ಅತಿಥಿ. ಹೊತ್ತಲ್ಲದ ಹೊತ್ತಲ್ಲಿ ಬಾಗಿಲು ತಟ್ಟಿದವನು, ಹಸಿದವನು. ಈಗ ಬರುವವರು ಆರು ತಿಂಗಳ ಮುಂಚೆ ತಾರೀಖು ನೋಡಿ, ರೂಮ್ ಬುಕ್ ಮಾಡಿ, ಕ್ಯಾನ್ಸಲ್ ಆದರೆ ದುಡ್ಡು ವಾಪಸ್ ಬರುತ್ತಾ ಅಂತ ಓದಿಕೊಂಡು ಬರುವವರು. ಅವರು ಗಿರಾಕಿ. ಗಿರಾಕಿಗೂ ಮರ್ಯಾದೆ ಕೊಡೋಣ, ಸರಿಯಾದ ಚಿಲ್ಲರೆ ಕೊಡೋಣ. ದೇವರು ಅನ್ನೋದು ಯಾಕೆ?

ಇನ್ನೊಂದು ಮಜಾ ಇದೆ. ಅದೇ ಹೆಸರಿನ ಪ್ರಚಾರ 2005ರಲ್ಲಿ ಶುರುವಾಯಿತು. ಆಮೇಲೆ ಆಮಿರ್ ಖಾನ್ ಅವರ ಟಿ.ವಿ. ಜಾಹೀರಾತುಗಳು ಬಂದವು, ನೀವೂ ಚಿಕ್ಕವರಿದ್ದಾಗ ನೋಡಿರುತ್ತೀರಿ. ವಿದೇಶಿ ಹೆಂಗಸನ್ನು ಯಾರೋ ಪೀಡಿಸುತ್ತಾರೆ, ಮೋಸ ಮಾಡೋಕೆ ನೋಡುತ್ತಾರೆ, ಆಮಿರ್ ಬಂದು ಬುದ್ಧಿ ಹೇಳುತ್ತಾರೆ. ಅದು ನಮಗೆ ಮಾಡಿದ ಜಾಹೀರಾತು, ಅವರಿಗಲ್ಲ. ಒಂದೇ ಸರ್ಕಾರ, ಒಂದೇ ಇಲಾಖೆ. ಹೊರಗೆ ತೋರಿಸೋ ಭಾರತೀಯ ಕೈ ಮುಗಿದು ನಗುತ್ತಾನೆ. ಒಳಗೆ ತೋರಿಸೋ ಭಾರತೀಯ ಜೇಬಿಗೆ ಕೈ ಹಾಕುತ್ತಾನೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ನಡುವೆ ಇರುವ ಸಾಮಾನ್ಯ ಮನುಷ್ಯ ಎಲ್ಲೂ ಕಾಣಲ್ಲ. ಮೀಟರ್ ಹಾಕಿ ಆಟೋ ಓಡಿಸಿ, ಸಂಜೆ ಮಗಳ ಟ್ಯೂಷನ್‌ಗೆ ಹೋಗೋ ಮನುಷ್ಯ. ಬೆಂಗಳೂರಲ್ಲಿ ಮೀಟರ್ ಹಾಕೋ ಆಟೋ ಅಂದರೆ ನೀವು ನಗುತ್ತೀರಿ, ಹೋಗಲಿ ಬಿಡಿ.

ನಮ್ಮದೊಂದೇ ಕತೆ ಅಲ್ಲ ಇದು. ಆಸ್ಟ್ರೇಲಿಯಾದವರು 1984ರಲ್ಲಿ ಅಮೆರಿಕನ್ನರನ್ನು ಕರೆಯೋಕೆ ತಮ್ಮ ನಟ ಪಾಲ್ ಹೋಗನ್ ಕೈಯಲ್ಲಿ ಒಂದು ಜಾಹೀರಾತು ಮಾಡಿಸಿದರು. ಬನ್ನಿ, ನಿಮಗೂ ಒಂದು ಸಿಗಡಿ ಸುಟ್ಟು ಕೊಡುತ್ತೇನೆ ಅಂತ. ಸಿಗಡಿಗೆ ಅವರು 'ಶ್ರಿಂಪ್' ಅಂದರು. ಆಸ್ಟ್ರೇಲಿಯಾದಲ್ಲಿ ಯಾರೂ ಹಾಗನ್ನಲ್ಲ, 'ಪ್ರಾನ್' ಅಂತಾರೆ. ಬರೋ ನೆಂಟರಿಗೋಸ್ಕರ ತಮ್ಮ ಅಡುಗೆಮನೆಯ ಪದವನ್ನೇ ಬದಲಾಯಿಸಿಕೊಂಡರು. ನಾವೇನು ಕಮ್ಮಿ? ಹಂಪಿಯಲ್ಲಿ ಕನ್ನಡದ ಹುಡುಗರೇ ಕನ್ನಡದವರಿಗೆ "ಕೊರಾಕಲ್ ಬೇಕಾ ಸಾರ್" ಅಂತ ಕೇಳುತ್ತಾರೆ. ಹರಿಗೋಲು ಅಂದರೆ ನಗುತ್ತಾರೆ.

ಜಮೈಕಾದವರು ಮಾತ್ರ 1970ರ ದಶಕದಲ್ಲಿ ಒಂದು ಗಟ್ಟಿ ಮಾತು ಹೇಳಿದರು. ನಾವು ಬರೀ ಬೀಚ್ ಅಲ್ಲ, ನಾವೊಂದು ದೇಶ ಅಂತ. ಜಾಹೀರಾತಿನಲ್ಲೇ ಹೇಳಿದರು. ನನಗೆ ಇವತ್ತಿಗೂ ಅದಕ್ಕಿಂತ ಒಳ್ಳೇ ಪ್ರವಾಸಿ ಜಾಹೀರಾತು ಸಿಕ್ಕಿಲ್ಲ.

2023ರಲ್ಲಿ ಫಿಲಿಪೀನ್ಸ್‌ನಲ್ಲಿ ಆದದ್ದು ಕೇಳಿ. 'ಲವ್ ದ ಫಿಲಿಪೀನ್ಸ್' ಅಂತ ಹೊಸ ಪ್ರಚಾರ. ಅದರ ವಿಡಿಯೋದಲ್ಲಿ ಭತ್ತದ ಮೆಟ್ಟಿಲು ಗದ್ದೆ ಇತ್ತು. ಅದು ಇಂಡೋನೇಷ್ಯಾದ್ದು. ಮರಳ ದಿಬ್ಬ ಇತ್ತು, ಬ್ರೆಜಿಲ್‌ನದು. ಬಲೆ ಬೀಸೋ ಬೆಸ್ತ ಇದ್ದ, ಥಾಯ್ಲೆಂಡಿನವನು. ಸ್ಟಾಕ್ ವಿಡಿಯೋ, ಅಂದರೆ ಯಾರು ಬೇಕಾದರೂ ಬಳಸೋಕೆ ಸಿಗೋ ರೆಡಿಮೇಡ್ ವಿಡಿಯೋ, ತಂದು ಸೇರಿಸಿದ್ದರು. ಸಿಕ್ಕಿಬಿದ್ದ ಮೇಲೆ ಏಜೆನ್ಸಿ ಕ್ಷಮೆ ಕೇಳಿತು, ಸರ್ಕಾರ ಗುತ್ತಿಗೆ ಮುರಿಯಿತು. ಎಲ್ಲರೂ ಏಜೆನ್ಸಿಯ ಸೋಮಾರಿತನ ಅಂದರು. ನನಗೆ ಆ ಬೆಸ್ತನದೇ ಯೋಚನೆ. ಬೆಳಕಿಗೆ ಬೆನ್ನು ಕೊಟ್ಟು ಬಲೆ ಬೀಸುವ ಕಪ್ಪು ಆಕೃತಿ. ಮುಖ ಇಲ್ಲ, ಮಾತಿಲ್ಲ, ಊರಿನ ಗುರುತಿಲ್ಲ. ಅವನು ಮಲ್ಪೆಯವನೂ ಆಗಬಹುದಿತ್ತು. ಅಷ್ಟು ತೊಳೆದ ಮೇಲೆ ಯಾವ ದೇಶಕ್ಕೆ ಬೇಕಾದರೂ ಹೊಂದುತ್ತಾನೆ. ಅಂಗಿ ತೆಗೆಸಿದ ನಮ್ಮ ಹರಿಗೋಲಿನವರೂ ಹಾಗೇ ಅಲ್ವಾ?

ಕೊಡಗಿನ ಮಾತು ಹೇಳದೆ ಹೋದರೆ ಆಗಲ್ಲ, ಕೊಡಗಿನವರು ಇಲ್ಲಿ ಮೂರು ಜನ ಇದ್ದೀರಂತೆ. 'ಭಾರತದ ಸ್ಕಾಟ್ಲೆಂಡ್'. ಈ ಬಿರುದನ್ನು ನಾವೇ ಹೊತ್ತುಕೊಂಡು ತಿರುಗುತ್ತೇವೆ. ಕನ್ನಡಿಗರಿಗೆ ಮಾರುವಾಗ ಅದೇ ಕೊಡಗು 'ಕರ್ನಾಟಕದ ಕಾಶ್ಮೀರ'. ಆಗುಂಬೆ 'ದಕ್ಷಿಣದ ಚಿರಾಪುಂಜಿ'. ಸ್ಕಾಟ್ಲೆಂಡಿನವನು ಸ್ಕಾಟ್ಲೆಂಡ್ ನೋಡೋಕೆ ಇಷ್ಟು ದೂರ ಯಾಕೆ ಬರಬೇಕು? ಅವನು ಬಂದರೆ ಕೊಡವ ಕುಟುಂಬಗಳ ಹಳೇ ಐನ್‌ಮನೆ ನೋಡೋಕೆ, ಪುತ್ತರಿ ಹಬ್ಬ ನೋಡೋಕೆ, ಕಡಂಬುಟ್ಟು ಪಂದಿಕರಿ ತಿನ್ನೋಕೆ ಬರಬೇಕು. ಇನ್ನು ಕಾಫಿ ತೋಟದ ಫೋಟೋ. ಮಂಜು, ಕೆಂಪು ಹಣ್ಣು, ಒಂದು ಬುಟ್ಟಿ, ನಗುವ ಹೆಂಗಸು. ಆಕೆ ಇರೋದು ಲೈನ್ ಮನೆಯಲ್ಲಿ. ಸಾಲಾಗಿ ಕಟ್ಟಿದ ಒಂದೊಂದು ಕೋಣೆ. ಲೈನ್ ಮನೆ ಇರುವ ಒಂದು ಹೋಮ್‌ಸ್ಟೇ ಬ್ರೋಷರ್ ತೋರಿಸಿದವರಿಗೆ ನಾನು ಊಟ ಕೊಡಿಸುತ್ತೇನೆ.

ಮತ್ತೆ ಹಂಪಿಗೆ.

1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ, ಡೊಮಿಂಗೊ ಪಾಯಸ್ ಅನ್ನೋ ಪೋರ್ಚುಗೀಸ್ ಈ ಊರಿಗೆ ಬಂದ. ವಿದೇಶಿ ಪ್ರವಾಸಿ. ಯಾವ ಜಾಹೀರಾತೂ ನೋಡಿ ಬಂದವನಲ್ಲ. ಅವನು ಬರೆದದ್ದರಲ್ಲಿ ಏನಿದೆ? ಜನ. ಬರೀ ಜನ. ಅಗಲವಾದ ಬೀದಿಗಳು, ಸಾಲು ಅಂಗಡಿಗಳು, ಮಾಣಿಕ್ಯ, ವಜ್ರ, ಮುತ್ತು, ಬಟ್ಟೆ ಮಾರುವವರು. ಊರಲ್ಲಿ ಎಷ್ಟು ಜನ ಇದ್ದಾರೆ ಅಂತ ಬರೆಯೋಕೇ ಅವನು ಹಿಂಜರಿಯುತ್ತಾನೆ. ಬರೆದರೆ ಕಟ್ಟುಕತೆ ಅಂದುಕೊಳ್ಳುತ್ತಾರೆ ಅಂತ. ನೋಡಿ, ಅವನಿಗೂ ಇದು ನಂಬಲಾಗದ ಊರೇ. ಆದರೆ ಅವನು ನಂಬಲಾಗದ್ದು ಅಂದದ್ದು ಕಲ್ಲನ್ನಲ್ಲ. ಗಿಜಿಗುಟ್ಟುವ ಜನವನ್ನು.

1986ರಲ್ಲಿ ಹಂಪಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ವಿರೂಪಾಕ್ಷ ಗುಡಿ ಮುಂದಿನ ಬಜಾರದ ಮಂಟಪಗಳಲ್ಲಿ ಆಗ ಮನೆ ಅಂಗಡಿ ಎಲ್ಲಾ ಇದ್ದವು. ಇಡ್ಲಿ, ಬಾಳೆಹಣ್ಣು, ಪುಸ್ತಕ, ಸೈಕಲ್ ಬಾಡಿಗೆ. 2011ರ ಜುಲೈ ಕೊನೆಯಲ್ಲಿ ಬುಲ್ಡೋಜರ್ ಬಂತು. ಅಲ್ಲಿದ್ದವರಿಗೆ ಕಡ್ಡಿರಾಂಪುರದಲ್ಲಿ ಜಾಗ ತೋರಿಸಿದರು. ಒತ್ತುವರಿ ಅಂತ ಒಂದು ವಾದ, ತಲೆಮಾರಿನಿಂದ ಇದ್ದೇವೆ ಅಂತ ಇನ್ನೊಂದು. ಮಂಟಪದ ಕಂಬಕ್ಕೆ ಸಿಮೆಂಟ್ ಗೋಡೆ ಸೇರಿಸಿದ್ದು ನಾನೂ ಕಂಡಿದ್ದೇನೆ, ಅದನ್ನು ಹಾಗೇ ಬಿಡಿ ಅಂತ ನಾನು ಹೇಳಲ್ಲ. ಆದರೆ ಅದಾದ ಮೇಲೆ ನಾನು ಅಲ್ಲಿಗೆ ಹೋದಾಗ ಸಂಜೆ ಆ ಬೀದಿ ನೋಡಿ ಹೊಟ್ಟೆಯಲ್ಲಿ ಏನೋ ಆಯಿತು. ಉದ್ದಕ್ಕೂ ಕಂಬ. ಬಿಸಿಲು. ಯಾರೂ ಇಲ್ಲ. ಥೇಟ್ ನಮ್ಮ ಬ್ರೋಷರ್ ಇದ್ದ ಹಾಗೆ. ಇಷ್ಟು ವರ್ಷ ಜನರನ್ನು ಫ್ರೇಮಿನಿಂದ ಆಚೆ ಕಳಿಸುತ್ತಿದ್ದವರು ನಾವು. "ಸ್ವಲ್ಪ ಆ ಕಡೆ ನಿಲ್ಲಿ ಅಜ್ಜಿ, ಒಂದು ಫೋಟೋ." ಹತ್ತು ನಿಮಿಷಕ್ಕೆ ಅಂತ ಹೇಳುತ್ತಿದ್ದೆವು.

(ಕೊನೆಯಲ್ಲಿ ಒಬ್ಬ ಹುಡುಗ ಕೇಳಿದ: "ಆ ಹರಿಗೋಲಿನವರಿಗೆ ಬ್ರೋಷರ್ ತೋರಿಸಿದ್ರಾ ಸರ್?")

ತೋರಿಸಿದೆ. ಅದೊಂದು ಪುಣ್ಯದ ಕೆಲಸ ಮಾಡಿದೆ. ಪ್ರಿಂಟ್ ಆದ ಮೇಲೆ ಬೇರೆ ಕೆಲಸಕ್ಕೆ ಆ ಕಡೆ ಹೋದಾಗ ಒಂದು ಕಾಪಿ ತಗೊಂಡು ಹೋಗಿದ್ದೆ. ಒಳ್ಳೇ ಕಾಗದ, ಮಿರಮಿರ ಮಿಂಚುತ್ತಿತ್ತು. ಅವರು ಅದೇ ಚೌಕುಳಿ ಅಂಗಿಗೆ ಕೈ ಒರೆಸಿಕೊಂಡು ಹುಷಾರಾಗಿ ಹಿಡಿದರು. ಕವರ್ ನೋಡಿದರು. ಖುಷಿ ಪಡುತ್ತಾರೆ ಅಂತ ಕಾದೆ. ಅವರು ಒಳಗಿನ ಪುಟ ತೆಗೆದರು, ಒಂದೊಂದೇ ಮಗುಚಿದರು.

"ಇದರಾಗ ರೇಟ್ ಎಲ್ಲಿ ಹಾಕೀರಿ?"

ಯಾವ ರೇಟು ಅಂದೆ.

"ಹರಗೋಲಿಂದ್ರೀ. ಈ ದಡಕ್ಕ ಇಷ್ಟು, ಆ ದಡಕ್ಕ ಇಷ್ಟು ಅಂತ ಬರದಿದ್ರ ಛಲೋ ಇತ್ತು. ಬಂದವರು ಕೊಸರಾಡ್ತಾರ."

ಅದು ಹಾಕಿಲ್ಲ ಅಂದೆ. ಹಿಂದಿನ ಪುಟಕ್ಕೆ ತಿರುಗಿಸಿದರು. ಅಲ್ಲೊಂದು ಫೋನ್ ನಂಬರ್ ಇತ್ತು. ಬೆರಳಿಟ್ಟು ಕೇಳಿದರು. "ಇದ್ಯಾರ ನಂಬರ್ರೀ?"

ರೆಸಾರ್ಟಿಂದು ಅಂದೆ.

"ಹಂಗಾರ ಇದು ಅವರ ಪೇಪರ್ರಿ" ಅಂತ ನನ್ನ ಕೈಗೇ ವಾಪಸ್ ಕೊಟ್ಟು, ಹುಟ್ಟು ಎತ್ತಿಕೊಂಡರು. ಆಚೆ ದಡದಲ್ಲಿ ಮಕ್ಕಳು ಆಗಲೇ ಕೂಗೋಕೆ ಶುರು ಮಾಡಿದ್ದರು.